ಕಾರಿಗೆ ಕಟ್ಟಿದ ಕೂಜಾ

ನೀರು ಕಾದರೆ ಹಿಗ್ಗುತ್ತದೆ ಎಂಬ ವಿಷಯವನ್ನು ನಾನು ಮದ್ರಾಸಿನ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಪಾಠ ಮಾಡಿದ್ದೆ. ಆದ್ದರಿಂದ, ಹಿಗ್ಗಿದ ನೀರನ್ನು ಹಿಡಿದಿಡುವ ಒಂದು ಪಾತ್ರೆಯನ್ನು ಕಾರಿಗೆ ಜೋಡಿಸಲು ನನಗಿಂತ ಅರ್ಹನಾದ ಮನುಷ್ಯ ನಾವಿದ್ದ ಇಡೀ ತಿರುವಲ್ಲಿಕೇಣಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಆಗ ನನಗೆ ಮೂವತ್ತೈದು ವರ್ಷ. ಭೌತಶಾಸ್ತ್ರದ ಮೇಲೂ ನನ್ನ ಮೇಲೂ ಭರವಸೆ ಇದ್ದ ಕಾಲ.

ಕಾರು ಹಳೆಯದು, ಇಂಗ್ಲೆಂಡಿನದು, ಎರಡೇ ಸೀಟಿನದು. ಬಂದರಿನಲ್ಲಿ ಕೆಲಸಕ್ಕಿದ್ದ ಒಬ್ಬ ದೊರೆ ಊರಿಗೆ ಹೊರಡುವ ಅವಸರದಲ್ಲಿ ಅದನ್ನು ನನಗೆ ಕೊಟ್ಟು ಹಡಗು ಹತ್ತಿದ್ದ. ಕಡು ಹಸಿರು ಬಣ್ಣ, ಉದ್ದನೆಯ ಮೂತಿ, ಮಡಚಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಮಾಡು, ಬೇಕಾದರೆ ಮುಂದಕ್ಕೆ ಮಲಗಿಸಬಹುದಾದ ಮುಂಗಾಜು. ಕೊಡುವಾಗ ದೊರೆಯ ಕಣ್ಣಲ್ಲಿ ನೀರಿತ್ತು. ಅದು ದುಃಖದ್ದೆಂದು ನಾನು ತಿಳಿದೆ.

ಕಾರಿಗೆ ಇದ್ದದ್ದು ಒಂದೇ ಚಾಳಿ. ಎರಡು ಮೈಲಿ ಓಡಿದರೆ ರೇಡಿಯೇಟರಿನ ನೀರು ಕಾದು, ಹಿಗ್ಗಿ, ಪಕ್ಕದ ಸಣ್ಣ ಕೊಳವೆಯಿಂದ ರಸ್ತೆಗೆ ಸುರಿಯುತ್ತಿತ್ತು. ರೇಡಿಯೇಟರಿನ ಮುಚ್ಚಳದ ಮೇಲೆ ಪುಟ್ಟ ಗಡಿಯಾರದಂಥ ಶಾಖಮಾಪಕವೊಂದಿತ್ತು. ನಾನು ರಸ್ತೆಯನ್ನು ನೋಡಿದ್ದಕ್ಕಿಂತ ಅದರ ಮುಳ್ಳನ್ನು ನೋಡಿದ್ದೇ ಹೆಚ್ಚು. ಮುಳ್ಳು ಕೆಂಪು ಗೆರೆಯತ್ತ ಹೊರಟಿತೆಂದರೆ ನಾನು ರಸ್ತೆ ಬದಿಯಲ್ಲಿ ನೆರಳು ಹುಡುಕತೊಡಗುತ್ತಿದ್ದೆ. ಆಮೇಲೆ ಕಾರು ನಿಲ್ಲಿಸಿ, ಡಬ್ಬಿ ಹಿಡಿದು, ಯಾರದಾದರೂ ಮನೆಯ ಗೇಟಿನಲ್ಲಿ ನಿಂತು ನೀರು ಬೇಡಬೇಕು. ನಮ್ಮ ಬೀದಿಯಿಂದ ಸಮುದ್ರ ತೀರದವರೆಗೆ ಯಾರ ಮನೆಯ ನೀರು ಸಿಹಿ, ಯಾರದು ಉಪ್ಪು ಎಂಬುದು ನನಗೆ ಬಾಯಿಪಾಠವಾಗಿತ್ತು.

ಇಷ್ಟಕ್ಕೇ ನಾನು ಉಪಾಯ ಹುಡುಕುತ್ತಿರಲಿಲ್ಲ. ಆದರೆ ಆ ವರ್ಷ ತಂಗಿ ನಳಿನಿಗೆ ಒಂದು ಸಂಬಂಧ ಬಂತು.

ಅಪ್ಪ ಅಮ್ಮ ತೀರಿಕೊಂಡ ಮೇಲೆ ನಳಿನಿಗೆ ನಾನೇ ಹಿರಿಯ. ಅವಳು ಹುಡುಗಿಯರ ಶಾಲೆಯೊಂದರಲ್ಲಿ ಟೀಚರು. ಇಪ್ಪತ್ತಾರು ತುಂಬಿತ್ತು. ಮೊದಲು ಬಂದ ಎರಡು ಸಂಬಂಧಗಳು ಮಾತುಕತೆಯಲ್ಲೇ ಮುರಿದಿದ್ದವು. ಎರಡು ಸಲವೂ ಮಾತುಕತೆ ನಡೆಸಿದವನು ನಾನು. ಈ ಮೂರನೆಯದು ಕುಂದಾಪುರದ ಕಡೆಯದು. ಹುಡುಗ ಶ್ರೀಪತಿ ಬ್ಯಾಂಕಿನಲ್ಲಿದ್ದ. ತಂದೆ ಉಪಾಧ್ಯರು ನಿವೃತ್ತ ಹೆಡ್‌ಮಾಸ್ಟರು, ಬಹಳ ಶಿಸ್ತಿನವರು ಎಂದು ಎಲ್ಲರೂ ಹೇಳಿದರು. ಮುಂದಿನ ವಾರದ ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಯ ರೈಲಿನಲ್ಲಿ ತಂದೆ, ತಾಯಿ, ಹುಡುಗ ಮೂವರೂ ಸೆಂಟ್ರಲ್ ಸ್ಟೇಷನ್ನಿಗೆ ಬಂದಿಳಿಯುವವರಿದ್ದರು. ಹತ್ತೂವರೆಗೆ ರಾಹುಕಾಲ. ಅದರೊಳಗೆ ಹುಡುಗಿ ನೋಡುವ ಶಾಸ್ತ್ರ ಮುಗಿಯಬೇಕು ಎಂದು ಉಪಾಧ್ಯರು ಬರೆದಿದ್ದರು. ಅಕ್ಷರಗಳು ಅಚ್ಚಿನಂತಿದ್ದವು. ಆ ಅಕ್ಷರ ನೋಡಿಯೇ ನನಗೆ ಭಯವಾಯಿತು.

ಹುಡುಗನ ತಂದೆಯನ್ನು ನನ್ನ ಕಾರಿನಲ್ಲೇ ಕರೆತರುವುದೆಂದು ನಾನು ತೀರ್ಮಾನಿಸಿದೆ. ಕಾರಿರುವ ಮನೆ ಎಂಬ ಮರ್ಯಾದೆ ಇರಲಿ ಎಂದು. ನಳಿನಿ ಗಾಬರಿಯಾದಳು. ಅವಳು ಹುಟ್ಟಿ ಓದಿದ್ದೆಲ್ಲ ಮದ್ರಾಸಿನಲ್ಲೇ. ಮನಸ್ಸಿಗೆ ನೋವಾದರೆ ಅವಳ ಬಾಯಿಗೆ ತಮಿಳೇ ಬರುವುದು. "ಅಣ್ಣಾ, ಟ್ಯಾಕ್ಸಿ ಪೋದುಂ. ಪ್ಲೀಸ್, ಟ್ಯಾಕ್ಸಿಯೇ ಸಾಕು" ಎಂದಳು. ನಾನು ನಕ್ಕು, ಇನ್ನು ಹತ್ತು ದಿನದಲ್ಲಿ ಈ ಕಾರಿನಿಂದ ಒಂದು ತೊಟ್ಟು ನೀರೂ ಹೊರಗೆ ಹೋಗುವುದಿಲ್ಲ ಎಂದು ವಾಗ್ದಾನ ಮಾಡಿದೆ.

ನನ್ನ ಯೋಜನೆ ಸರಳವಾಗಿತ್ತು. ರಸ್ತೆಗೆ ಹೋಗುವ ಕೊಳವೆಯನ್ನು ಒಂದು ಪಾತ್ರೆಗೆ ಸೇರಿಸುವುದು. ಹಿಗ್ಗಿದ ನೀರು ಪಾತ್ರೆಗೆ ಬರುತ್ತದೆ, ಎಂಜಿನ್ ಆರಿದಾಗ ವಾಪಸು ರೇಡಿಯೇಟರಿಗೆ ಹೋಗುತ್ತದೆ. ಇದನ್ನು ಹೆಂಡತಿ ವಾರಿಜಳಿಗೆ ಅಡುಗೆಮನೆಯಲ್ಲಿ ಅರ್ಧ ಗಂಟೆ ವಿವರಿಸಿದೆ. ಅವಳು ಉಡುಪಿಯವಳು. ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡು, "ಹಾಲು ಉಕ್ಕಿದ್ರೆ ಒಲೆ ಸಣ್ಣ ಮಾಡೂದು. ಉಕ್ಕಿದ್ದನ್ನು ಹಿಡಿಲಿಕ್ಕೆ ಪಕ್ಕದಲ್ಲಿ ಇನ್ನೊಂದು ಪಾತ್ರೆ ಇಡೂದು ಎಲ್ಲಾದ್ರೂ ಉಂಟಾ?" ಎಂದಳು. ಅವಳಿಗೆ ವಿಜ್ಞಾನದ ಹಿನ್ನೆಲೆ ಇಲ್ಲವಲ್ಲ ಎಂದು ನಾನು ಕನಿಕರಪಟ್ಟೆ.

ಪಾತ್ರೆ ಯಾವುದು ಎಂಬ ಪ್ರಶ್ನೆ ಉಳಿಯಿತು. ಗಟ್ಟಿಯಾಗಿರಬೇಕು, ತುಕ್ಕು ಹಿಡಿಯಬಾರದು, ಮುಚ್ಚಳ ತಿರುಪಿನದಾಗಿರಬೇಕು. ಮೂರು ದಿನ ಪೇಟೆಯೆಲ್ಲ ಅಲೆದೆ. ನಾಲ್ಕನೆಯ ದಿನ ನಮ್ಮ ಮನೆಯ ಕಪಾಟಿನಲ್ಲೇ ಅದು ಕಣ್ಣಿಗೆ ಬಿತ್ತು. ವಾರಿಜಳ ತವರಿನಿಂದ ಮದುವೆಗೆ ಬಂದ ಹಿತ್ತಾಳೆಯ ಕೂಜಾ. ರೈಲು ಪ್ರಯಾಣಕ್ಕೆ ಕುಡಿಯುವ ನೀರು ಒಯ್ಯುವಂಥದ್ದು. ದಪ್ಪ ಹೊಟ್ಟೆ, ಬಿಗಿಯಾದ ತಿರುಪಿನ ಮುಚ್ಚಳ, ನಿಕ್ಕಲ್ ಹೊಳಪು. ಅವಳು ದೇವಸ್ಥಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿ ಒಯ್ದು, ಒಬ್ಬ ಪಾತ್ರೆ ರಿಪೇರಿಯವನ ಕೈಯಲ್ಲಿ ಕುತ್ತಿಗೆಗೆ ತೂತು ಮಾಡಿಸಿ, ಕೊಳವೆ ಬೆಸುಗೆ ಹಾಕಿಸಿದೆ. ತೂತು ಬೀಳುವಾಗ ಮಾತ್ರ ಮುಖ ಬೇರೆ ಕಡೆ ತಿರುಗಿಸಿದೆ.

ಮೂತಿಯ ಮೇಲೆ, ಮುಂಗಾಜಿನ ಎದುರಿಗೆ, ಎಡಗಡೆ ಅದನ್ನು ಪಟ್ಟಿ ಹಾಕಿ ಬಿಗಿದು, ರಬ್ಬರ್ ಕೊಳವೆ ಜೋಡಿಸಿದೆ. ವಾರಿಜ ಹೊರಗೆ ಬಂದು ನೋಡಿದಳು. ಕೂಜಾವನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು.

ಮೊದಲ ಪರೀಕ್ಷೆಗೆ ಸಮುದ್ರ ತೀರದ ರಸ್ತೆಯಲ್ಲಿ ಹೋದೆ. ಒಂದು ತೊಟ್ಟೂ ಹೊರಗೆ ಬೀಳಲಿಲ್ಲ. ನನಗಾದ ಸಂತೋಷ ಹೇಳತೀರದು. ಮನೆಗೆ ಬಂದು ಆರಲು ಬಿಟ್ಟು ನೋಡಿದರೆ ಕೂಜಾ ತುಂಬ ನೀರಿದೆ, ರೇಡಿಯೇಟರು ಅರ್ಧ ಖಾಲಿ. ನೀರು ಹೋಗಿತ್ತು, ವಾಪಸು ಬಂದಿರಲಿಲ್ಲ.

ಕಾರಣವನ್ನು ನನಗೆ ಕಲಿಸಿದವನು ರಾಯಪುರಂನ ಮೆಕ್ಯಾನಿಕ್ ಏಳುಮಲೈ. ಮೀನುಗಾರರ ಲಾಂಚುಗಳ ಎಂಜಿನ್ ರಿಪೇರಿ ಮಾಡಿ ಪಳಗಿದ ಕೈ. ಅವನು ಕೂಜಾದೊಳಗೆ ಬೆರಳು ಹಾಕಿ ನೋಡಿ, ಕೊಳವೆ ಕುತ್ತಿಗೆಯಲ್ಲೇ ನಿಂತಿದೆ, ತಳದವರೆಗೆ ಇಳಿಯದಿದ್ದರೆ ಅದು ಗಾಳಿಯನ್ನೇ ಎಳೆಯುತ್ತದೆ ಹೊರತು ನೀರನ್ನಲ್ಲ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಇದೇ ಪಾಠವನ್ನು ನಾನು ನೂರಿಪ್ಪತ್ತು ಹುಡುಗರಿಗೆ ಹೇಳುತ್ತಿದ್ದೆ. ನಾನೇನು ಕೆಲಸ ಮಾಡುವುದೆಂದು ಅವನು ಕೇಳಿದ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ ಎಂದುಬಿಟ್ಟೆ.

ಏಳುಮಲೈ ಉದ್ದನೆಯ ಕೊಳವೆ ಹಾಕಿಕೊಟ್ಟ. ಮುಚ್ಚಳದ ನಡುವೆ ಒಂದು ಮೊಳೆ ಇಟ್ಟು ಹೊಡೆದು ಸಣ್ಣ ತೂತು ಮಾಡಿದ. ಯಾಕೆಂದು ಕೇಳಿದರೆ "ಮೂಚ್ಚು ವಿಡಣುಂ ಸಾರ್" ಎಂದ. ಪಾತ್ರೆ ಉಸಿರಾಡಬೇಕಂತೆ. ಆಮೇಲೆ ಇನ್ನೂ ಒಂದು ಮಾತು ಹೇಳಿದ: ನೀರು ಇಷ್ಟು ಬೇಗ ಕಾಯುವುದೇ ತಪ್ಪು, ಫ್ಯಾನಿನ ಬೆಲ್ಟು ಸಡಿಲವಾಗಿದೆ, ರೇಡಿಯೇಟರನ್ನು ಬಿಚ್ಚಿ ತೊಳೆಯಬೇಕು, ಮೂರು ದಿನ ಕಾರು ಬಿಟ್ಟುಹೋಗಿ ಎಂದು. ಶುಕ್ರವಾರಕ್ಕೆ ಉಳಿದದ್ದೇ ಮೂರು ದಿನ. ಅದೆಲ್ಲ ಆಮೇಲೆ ನೋಡೋಣ, ಈಗ ಪಾತ್ರೆಯ ಕೆಲಸ ಮುಗಿಯಿತಲ್ಲ ಎಂದು ನಾನು ಹೊರಟುಬಂದೆ.

ಬುಧವಾರ ರೇಡಿಯೇಟರಿನ ಕೆಳಗೆ ನೀರು ತೊಟ್ಟಿಕ್ಕತೊಡಗಿತು. ಏಳುಮಲೈ ಹತ್ತಿರ ಹೋದರೆ ಮೂರು ದಿನ ಇಟ್ಟುಕೊಳ್ಳುತ್ತಾನೆ. ನಮ್ಮ ಬೀದಿಯ ಲಾರಿ ಡ್ರೈವರನ್ನು ಕೇಳಿದೆ. ಅವನು, ಒಂದು ಚಮಚ ಅರಿಶಿನ ಪುಡಿ ಹಾಕಿ ಸಾರ್, ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ, ನಾವೆಲ್ಲ ಹಾಗೇ ಮಾಡುವುದು ಎಂದ. ಒಂದು ಚಮಚಕ್ಕೆ ಅಷ್ಟು ಗುಣವಿದ್ದರೆ ಒಂದು ಡಬ್ಬಿಗೆ ಎಷ್ಟಿರಬೇಡ! ತಂಗಿಯ ಬಾಳಿನ ಪ್ರಶ್ನೆ. ನಾನು ಡಬ್ಬಿಯನ್ನೇ ಬೋರಲು ಹಾಕಿದೆ. ತೊಟ್ಟಿಕ್ಕುವುದು ನಿಂತಿತು. ಆ ರಾತ್ರಿ ಸಾರಿಗೆ ಅರಿಶಿನ ಹುಡುಕಿದ ವಾರಿಜಳಿಗೆ ನಾನು ಏನೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಾರನ್ನು ಒರೆಸಿ ಒರೆಸಿ ಕನ್ನಡಿ ಮಾಡಿದೆ. ಬೀದಿಯಲ್ಲಿ ಒಂದು ಸುತ್ತು ಹಾಕಿ ನಿಲ್ಲಿಸಿದರೆ, ಕೂಜಾದ ಮುಚ್ಚಳದ ತೂತಿನಿಂದ ಹಳದಿ ಹನಿಗಳು ಹಾರಿ ಮೂತಿಯ ಮೇಲೆಲ್ಲ ಚುಕ್ಕೆ ಬಿದ್ದಿದ್ದವು. ಒರೆಸಿದಷ್ಟೂ ಹರಡುತ್ತಿತ್ತು. ಅಚ್ಚಿನಂಥ ಅಕ್ಷರ ಬರೆಯುವ ಮನುಷ್ಯ ಇದನ್ನು ನೋಡಿದರೆ ಏನೆಂದುಕೊಂಡಾರು? ಗಂಟೆ ಎಂಟೂಕಾಲು. ನನ್ನ ಮೇಜಿನ ಡ್ರಾಯರಿನಲ್ಲಿ ಪ್ರಶ್ನೆಪತ್ರಿಕೆಯ ಕಟ್ಟುಗಳಿಗೆ ಮೊಹರು ಹಾಕುವ ಅರಗು ಇತ್ತು. ಒಂದು ತುಂಡು ಕರಗಿಸಿ ಆ ತೂತಿಗೆ ಹಾಕಿ ಒತ್ತಿದೆ. ಅಭ್ಯಾಸಬಲದಿಂದ ಮೇಲೆ ಮೊಹರನ್ನೂ ಒತ್ತಿದೆ. ನೋಡಲು ಬಹಳ ಅಧಿಕೃತವಾಗಿತ್ತು. ಬಿಸಿಗೆ ಅರಗು ಕರಗುತ್ತದೆ ಎಂಬುದು, ಅದೇ ಬಿಸಿಯಿಂದ ಅದನ್ನು ಕರಗಿಸಿದ ನನಗೆ, ಆ ಕ್ಷಣದಲ್ಲಿ ಹೊಳೆಯಲಿಲ್ಲ.

ರೈಲು ಹೇಳಿದ ಹೊತ್ತಿಗೇ ಬಂತು. ಉಪಾಧ್ಯರು ಎತ್ತರದ, ಸಪೂರ ಮನುಷ್ಯ. ಬಿಳಿ ಪಂಚೆ, ಬಿಳಿ ಜುಬ್ಬ, ಬಿಳಿ ಶಲ್ಯ. ರಾತ್ರಿಯಿಡೀ ರೈಲಿನಲ್ಲಿ ಬಂದವರ ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ. ವಾರಿಜ ಮೊದಲೇ ಬಂದು ಟ್ಯಾಕ್ಸಿ ಗೊತ್ತುಮಾಡಿದ್ದಳು. ಹುಡುಗ ಶ್ರೀಪತಿ ನನ್ನ ಕಾರಿನ ಸುತ್ತ ಎರಡು ಸಲ ಆಸೆಯಿಂದ ಸುತ್ತಿದ. ಅವನೇ ಕಾರಿನಲ್ಲಿ ಬರಲಿ, ತಾವು ಟ್ಯಾಕ್ಸಿಯಲ್ಲಿ ಬರುತ್ತೇವೆ ಎಂದು ಉಪಾಧ್ಯರು ಹೇಳಿದರು. ನಾನು ಒಪ್ಪಲಿಲ್ಲ. ಹಿರಿಯರಿಗೇ ಮೊದಲ ಮರ್ಯಾದೆ ಎಂದು ಕೈಹಿಡಿದು ಎಡಗಡೆಯ ಸೀಟಿನಲ್ಲಿ ಕೂರಿಸಿದೆ. ಟ್ಯಾಕ್ಸಿ ಹೊರಟಿತು. ಅದರ ಕಿಟಕಿಯಿಂದ ವಾರಿಜ ಕೂಜಾವನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

ನೇರವಾಗಿ ಮನೆಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಮುಂಗಾಜನ್ನು ಮಲಗಿಸಿ, ಸಮುದ್ರದ ಗಾಳಿ ತೋರಿಸುತ್ತೇನೆಂದು ನಾನು ಪ್ಯಾರೀಸ್ ಕಾರ್ನರ್ ಕಡೆಯಿಂದ ಸುತ್ತುಹಾಕಿಕೊಂಡು ಹೊರಟೆ. ಉಪಾಧ್ಯರು ಮುಂದಿದ್ದ ಕೂಜಾವನ್ನು ನೋಡಿ, ಕುಡಿಯುವ ನೀರೋ ಎಂದು ಕೇಳಿದರು. ಅಲ್ಲ, ನನ್ನದೇ ಒಂದು ಸುಧಾರಣೆ ಎಂದೆ. ಅವರು ಮೊಹರನ್ನು ಓದಲು ಮುಂದೆ ಬಾಗಿದರು. ಕಾಲೇಜಿನ ಹೆಸರು ಕಂಡು ಹುಬ್ಬೇರಿಸಿದರು.

ಪ್ಯಾರೀಸ್ ಕಾರ್ನರಿನಲ್ಲಿ ಕೈಗಾಡಿ, ಎತ್ತಿನ ಗಾಡಿ, ಲಾರಿ, ಬಸ್ಸು ಎಲ್ಲವೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಂತಿದ್ದವು. ಬಂದರಿಗೆ ಹೋಗುವ ಒಂದು ಗಾಡಿಯಿಂದ ಮೂಟೆಗಳು ಉರುಳಿದ್ದವಂತೆ. ನಾವೂ ನಿಂತೆವು. ಐದು ನಿಮಿಷ. ಹತ್ತು ನಿಮಿಷ. ಮುಳ್ಳು ಮೇಲೇರತೊಡಗಿತು. ಎಂಜಿನ್ ಆರಿಸಿದರೆ ಮತ್ತೆ ಹೊರಡದೇ ಹೋದೀತೆಂದು ಆರಿಸಲಿಲ್ಲ. ಉಪಾಧ್ಯರು ನಳಿನಿಯ ಓದಿನ ಬಗ್ಗೆ ಕೇಳುತ್ತಿದ್ದರು. ನಾನು ಮುಳ್ಳನ್ನು ನೋಡುತ್ತ ಏನೋ ಉತ್ತರಿಸುತ್ತಿದ್ದೆ. ಅವಳಿಗೆ ಎಷ್ಟು ವರ್ಷ ಎಂದಾಗ ನೂರಾತೊಂಬತ್ತು ಎಂದೆನಂತೆ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅದು ಸರಿಯಾಗಿತ್ತು.

ಮುಳ್ಳು ಕೆಂಪು ಗೆರೆ ಮುಟ್ಟಿತು. ಕೂಜಾ ಒಂದು ಥರ ಗುನುಗತೊಡಗಿತು. ಮೊಹರಿನ ಅಕ್ಷರಗಳು ಮೆತ್ತಗಾಗಿ, ಊದಿ, ಹೊಳೆದವು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅರಗು ಟಪ್ಪೆಂದು ಹಾರಿಹೋಯಿತು.

ಸೂಜಿಯಷ್ಟು ಸಣ್ಣ ತೂತಿನಿಂದ ಹಳದಿ ನೀರಿನ ಒಂದು ಧಾರೆ ನೆಟ್ಟಗೆ ಆಕಾಶಕ್ಕೆ ಎದ್ದಿತು. ಬಸ್ಸಿನ ಮೇಲಂತಸ್ತಿನವರು ಎದ್ದು ನಿಂತರು. ಸಮುದ್ರದಿಂದ ಗಾಳಿ ಬೀಸಿದ್ದರೆ ಅದು ನನ್ನ ಮೇಲೆ ಬೀಳುತ್ತಿತ್ತು. ಆದರೆ ಬೆಳಗಿನ ಹೊತ್ತು ಮದ್ರಾಸಿನಲ್ಲಿ ಗಾಳಿ ಬೀಸುವುದು ನೆಲದಿಂದ ಸಮುದ್ರದ ಕಡೆಗೆ, ಅಂದರೆ, ಸಮುದ್ರ ನಮ್ಮ ಎಡಕ್ಕಿದ್ದುದರಿಂದ, ನನ್ನ ಕಡೆಯಿಂದ ಉಪಾಧ್ಯರ ಕಡೆಗೆ. ಇದನ್ನೂ ನಾನು ಪಾಠ ಮಾಡುತ್ತಿದ್ದೆ. ಮೇಲೆ ಹೋಗಿ ಆರಿ ಉಗುರುಬೆಚ್ಚಗಾದ ಅರಿಶಿನದ ನೀರು ಅವರ ತಲೆ, ಶಲ್ಯ, ಜುಬ್ಬ, ಪಂಚೆಯ ಮೇಲೆ ಸಣ್ಣ ಮಳೆಯಂತೆ ನಿಧಾನವಾಗಿ ಇಳಿಯಿತು. ಅವರು ಅಲುಗಾಡಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕನ್ನಡಕವಿದ್ದ ಜಾಗ ಬಿಟ್ಟು ಮುಖವೆಲ್ಲ ಹಳದಿ.

ಮೂಲೆಯಲ್ಲಿ ಹೂವು ಮಾರುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು ನೋಡಿ, ಈ ವಯಸ್ಸಿನಲ್ಲಿ ಮದುವೆಯಾ ತಾತ ಎಂದು ತಮಿಳಿನಲ್ಲಿ ಬಹಳ ಅಕ್ಕರೆಯಿಂದ ವಿಚಾರಿಸಿದಳು. ಉಪಾಧ್ಯರಿಗೆ ತಮಿಳು ಬರುತ್ತಿರಲಿಲ್ಲ. ಅವಳು ಹೇಳಿದ್ದೇನೆಂದು ನನ್ನನ್ನು ಕೇಳಿದರು. ಗಂಟೆ ಕೇಳಿದಳು ಎಂದೆ. ಅವರು ಗಡಿಯಾರ ನೋಡಿ ಒಂಬತ್ತೂ ಐವತ್ತು ಎಂದು ಅವಳಿಗೆ ಕೈಸನ್ನೆಯಲ್ಲಿ ತಿಳಿಸಿದರು.

ಕಾರನ್ನು ನಾಲ್ಕೈದು ಜನ ಬದಿಗೆ ತಳ್ಳಿದರು. ಅಲ್ಲೇ ನಮ್ಮ ಉಡುಪಿ ಕಡೆಯವರದೊಂದು ಹೋಟೆಲಿತ್ತು. ಗದ್ದಲ ಕೇಳಿ ಅದರ ಮಾಲಿಕರು ಹೊರಗೆ ಬಂದರು. ದಪ್ಪನೆಯ, ಐವತ್ತರ ಹತ್ತಿರದ ಮನುಷ್ಯ. ಹಳದಿಯ ಮುಖವನ್ನು ದಿಟ್ಟಿಸಿ ನೋಡಿ, ತಟ್ಟನೆ ಹೆಗಲ ಮೇಲಿನ ಚೌಕ ತೆಗೆದು ಕೈಕಟ್ಟಿ ನಿಂತರು. "ಮಾಷ್ಟ್ರೇ, ನಾನು ಮಾರಾಯ್ರೆ, ಐದನೇ ಕ್ಲಾಸಿನ ಗೋಪಾಲ. ಲೆಕ್ಕದಲ್ಲಿ ಫೈಲಾಗಿ ಓಡಿಬಂದವ" ಎಂದರು. ಉಪಾಧ್ಯರು ಅವರನ್ನು ಗುರುತಿಸಿದರು. ಮಾಲಿಕರು ಗುರುಗಳನ್ನು ಒಳಗೆ ಕರೆದೊಯ್ದು, ಸ್ನಾನಕ್ಕೆ ಬಿಸಿನೀರು ಇಡಿಸಿದರು.

ನಾನು ಹೊರಗೆ ಒಬ್ಬನೇ ಉಳಿದೆ. ರಾಹುಕಾಲಕ್ಕೆ ಅರ್ಧ ಗಂಟೆ. ಮನೆಯಲ್ಲಿ ನಳಿನಿ ಸೀರೆ ಉಟ್ಟು ಕಾಯುತ್ತಿರುತ್ತಾಳೆ. ಟ್ಯಾಕ್ಸಿಯವರು ನಾವೆಲ್ಲಿ ಎಂದು ಕೇಳುತ್ತಿರುತ್ತಾರೆ. ಅವರು ಸ್ನಾನ ಮುಗಿಸಿ ಬರುವುದರೊಳಗೆ ಕಾರನ್ನು ಹೊರಡಿಸಿದರೆ ಇನ್ನೂ ಮಾನ ಉಳಿದೀತು. ಹೋಟೆಲಿನಿಂದ ಎರಡು ಬಕೆಟ್ ತಣ್ಣೀರು ತಂದೆ. ಟವೆಲು ಹಿಡಿದು ದೂರದಿಂದ ರೇಡಿಯೇಟರಿನ ಮುಚ್ಚಳ ಸಡಿಲಿಸಿ, ಹಬೆ ಹೋಗುವವರೆಗೆ ಕಾದು, ಇಷ್ಟಾದರೂ ಜಾಗ್ರತೆ ಮಾಡಿದೆನಲ್ಲ ಎಂದು ಸಮಾಧಾನಪಟ್ಟು, ಕಾದ ಎಂಜಿನ್ನಿಗೆ ಎರಡೂ ಬಕೆಟ್ಟನ್ನು ಗಬಗಬನೆ ಸುರಿದೆ.

"ಟಿಣ್" ಎಂಬ ಒಂದು ಸಣ್ಣ, ಸ್ಪಷ್ಟವಾದ ಶಬ್ದ ಕೇಳಿಸಿತು.

ಎಂಜಿನ್ನಿನ ಎಡಗಡೆ ಒಂದು ಬಿರುಕಿನ ಗೆರೆ ಮೂಡಿತು. ಆ ಗೆರೆಯಿಂದ ಹಳದಿ ನೀರು ನಿಧಾನವಾಗಿ ಇಳಿಯಿತು. ಹಿಂದಿನಿಂದ ಯಾರೋ ಕೆಮ್ಮಿದರು. ಉಪಾಧ್ಯರು ಸ್ನಾನ ಮುಗಿಸಿ ಬಂದು ನಿಂತಿದ್ದರು. ಹೋಟೆಲಿನ ಸಪ್ಲೈಯರುಗಳ ಖಾಕಿ ಅಂಗಿ, ಮೊಣಕಾಲಿನವರೆಗೆ ಬರುವ ಪಂಚೆ. ಹಣೆ ಮತ್ತು ಕಿವಿ ಇನ್ನೂ ಹಳದಿ.

"ನೀವು ಕಾಲೇಜಿನಲ್ಲಿ ಎಂತ ಪಾಠ ಮಾಡುವುದು?" ಎಂದು ಕೇಳಿದರು.

"ಭೌತಶಾಸ್ತ್ರ" ಎಂದೆ.

ಅವರು ಬಾಗಿ ಗೆರೆಯನ್ನು ನೋಡಿದರು. "ಶಾಖದ ಪಾಠ ನಿಮ್ಮದೋ, ಬೇರೆಯವರದೋ?"

"ನನ್ನದೇ."

"ಹುಡುಗರು ಪಾಸಾಗ್ತಾರೆ?"

ಆಗುತ್ತಾರೆ ಎಂದೆ. ಅವರು ತಲೆದೂಗಿ ಮತ್ತೆ ಹೋಟೆಲಿನೊಳಗೆ ಹೋದರು.

ರಾಹುಕಾಲ ಮುಗಿಯುವವರೆಗೆ, ಅಂದರೆ ಹನ್ನೆರಡರವರೆಗೆ, ಯಾವ ಹೊಸ ಮನೆಯ ಹೊಸ್ತಿಲನ್ನೂ ತಾವು ದಾಟುವುದಿಲ್ಲ ಎಂದು ಅವರು ತಿಳಿಸಿದರು. ಮಾಲಿಕರು ಗುರುಗಳ ಎದುರು ಕೂರಲು ಹೆದರಿ ನಿಂತೇ ಉಪಚಾರ ಮಾಡಿದರು. ನಾನು ಒಂದು ಮೂಲೆಯಲ್ಲಿ ಕೂತೆ. ನನಗೂ ಇಡ್ಲಿ ಬಂತು. ಮೂರನೆಯ ಸಂಬಂಧವನ್ನೂ ನಾನೇ ಕೈಯಾರೆ ಕೆಡಿಸಿದೆ, ಈ ಸಲ ಮಾತೂ ಆಡದೆ ಕೆಡಿಸಿದೆ ಎಂದು ನನ್ನನ್ನೇ ಬೈದುಕೊಂಡೆ. ತಂಗಿಗೆ ಹೇಗೆ ಮುಖ ತೋರಿಸಲಿ ಎಂಬುದಕ್ಕೆ ಹತ್ತಾರು ವಾಕ್ಯಗಳನ್ನು ಮನಸ್ಸಿನಲ್ಲೇ ಬರೆದು ಹೊಡೆದುಹಾಕಿದೆ.

ಹನ್ನೆರಡು ಹೊಡೆದ ಮೇಲೆ ಟ್ಯಾಕ್ಸಿಯಲ್ಲಿ ಮನೆಗೆ ಹೋದೆವು. ದಾರಿಯಲ್ಲಿ ಅವರು ಆಡಿದ ಮಾತು ಒಂದೇ. ಸಮುದ್ರ ಚೆನ್ನಾಗಿದೆ ಎಂದರು.

ಬಾಗಿಲಲ್ಲಿ ಅಳು ಕೇಳಿಸಬಹುದೆಂದು ನಾನು ಸಿದ್ಧನಾಗಿದ್ದೆ. ಕೇಳಿಸಿದ್ದು ನಗು. ಹುಡುಗನ ತಾಯಿ ರೈಲಿನ ಆಯಾಸಕ್ಕೆ ಒಳಗೆ ಮಲಗಿ ನಿದ್ದೆಹೋಗಿದ್ದರು. ವಾರಿಜ ಅಡುಗೆಮನೆಯಲ್ಲಿದ್ದಳು. ಶಾಸ್ತ್ರ ನಡೆಸಬೇಕಾದ ಹಿರಿಯರಿಬ್ಬರೂ ಪತ್ತೆಯಿಲ್ಲದ್ದರಿಂದ, ಕಾಫಿ ಕೊಡಲು ಬಂದ ನಳಿನಿಯೂ ಕುಡಿಯಲು ಕೂತ ಶ್ರೀಪತಿಯೂ ಜಗಲಿಯಲ್ಲಿ ಎದುರುಬದುರು ಕೂತು ಎರಡೂವರೆ ತಾಸು ಮಾತಾಡಿದ್ದರು. ಬಹುಪಾಲು ನನ್ನ ಕಾರಿನ ಬಗ್ಗೆಯೇ ಮಾತಾಡಿ ನಕ್ಕರಂತೆ. ಮೊದಲ ಎರಡು ಸಲ ನಾನು ಹುಡುಗನ ಪಕ್ಕದಲ್ಲೇ ಕೂತು ಅವಳ ಪರವಾಗಿ ಎಲ್ಲ ಪ್ರಶ್ನೆಗೂ ಉತ್ತರಿಸಿದ್ದೆ. ಅವಳಿಗೆ ಬಾಯಿ ಬಿಡಲು ಅವಕಾಶವೇ ಸಿಕ್ಕಿರಲಿಲ್ಲ.

ಖಾಕಿ ಅಂಗಿಯ ತಂದೆಯನ್ನು ನೋಡಿ ಶ್ರೀಪತಿ ಎದ್ದು ನಿಂತ. ನಳಿನಿ ಹಳದಿ ಕಿವಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಎಲ್ಲ ಅರ್ಥವಾಗಿ ಸೆರಗು ಬಾಯಿಗೆ ಹಿಡಿದಳು. ಆಮೇಲೆ ಒಳಗೆ ಓಡಿ, ಅಪ್ಪನ ಕಾಲದ ಮಡಿ ಪಂಚೆ ಮತ್ತು ಒಂದು ಬಟ್ಟಲು ಕಡಲೆಹಿಟ್ಟು ತಂದು, "ಇದನ್ನು ಹಚ್ಚಿ ತೊಳೆದ್ರೆ ಬಣ್ಣ ಹೋಗ್ತದೆ ಮಾವ" ಎಂದು ಅವರ ಮುಂದಿಟ್ಟಳು. ಮಾವ ಎಂಬ ಮಾತು ಬಾಯಿತಪ್ಪಿ ಬಂದಿತ್ತು. ಯಾರೂ ಅದನ್ನು ತಿದ್ದಲಿಲ್ಲ. ಅಕ್ಷರದೋಷವನ್ನೂ ಬಿಡದ ಉಪಾಧ್ಯರು ಕೂಡ.

ಮರುದಿನ ಕಾರನ್ನು ಲಾರಿಗೆ ಕಟ್ಟಿ ರಾಯಪುರಂಗೆ ಎಳೆಸಿದೆ. ಏಳುಮಲೈ ರೇಡಿಯೇಟರು ಬಿಚ್ಚಿ, ಒಳಗಿದ್ದ ಅರಿಶಿನದ ಹೂರಣವನ್ನು ಕಡ್ಡಿಯಿಂದ ಕೆದಕಿ ತೆಗೆದು ನನಗೆ ತೋರಿಸಿದ. ಬೆಲ್ಟು ಬಿಗಿದು ರೇಡಿಯೇಟರು ತೊಳೆದಿದ್ದರೆ ಪಾತ್ರೆಯ ಅಗತ್ಯವೇ ಇರಲಿಲ್ಲ ಎಂದ. ಬಿರುಕು ಬಿಟ್ಟ ಎಂಜಿನ್ನನ್ನು ಮಾತ್ರ ತಾನು ಮುಟ್ಟುವುದಿಲ್ಲ ಎಂದು ಕೈಮುಗಿದ. ಸರ್ಕಾರಿ ಗುಮಾಸ್ತರಿಗೆ ಇದೆಲ್ಲ ಯಾಕೆ ಸಾರ್ ಎಂದು ಸಮಾಧಾನವನ್ನೂ ಹೇಳಿದ.

ಎರಡು ವಾರದ ಮೇಲೆ ಕುಂದಾಪುರದಿಂದ ಕಾಗದ ಬಂತು. ಹುಡುಗಿ ಎಲ್ಲರಿಗೂ ಒಪ್ಪಿಗೆಯಾಗಿದ್ದಾಳೆ, ವರೋಪಚಾರ ಇತ್ಯಾದಿ ತಮಗೆ ಏನೂ ಬೇಡ, ಮದುವೆ ಮದ್ರಾಸಿನಲ್ಲೇ ಆಗಲಿ ಎಂದು ಅದೇ ಅಚ್ಚಿನಂಥ ಅಕ್ಷರದಲ್ಲಿ ಬರೆದಿತ್ತು. ಕೊನೆಯಲ್ಲಿ, ಒಂದೇ ಒಂದು ಷರತ್ತು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ದಿಬ್ಬಣವು ಸ್ಟೇಷನ್ನಿನಿಂದ ಛತ್ರಕ್ಕೆ ತಾನಾಗಿಯೇ ಬಂದು ಸೇರುವುದು. ವಧುವಿನ ಅಣ್ಣನವರು ಆ ವೇಳೆಯಲ್ಲಿ ಛತ್ರದೊಳಗೆ, ಒಂದು ಕುರ್ಚಿಯ ಮೇಲೆ, ಏನೂ ಮಾಡದೆ ಕುಳಿತಿರತಕ್ಕದ್ದು.

ವಾರಿಜ ಇದನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡಳು. ನಳಿನಿ ತಕ್ಷಣ ಒಪ್ಪಿದಳು. ಉತ್ತರ ಬರೆಯಲು ನಾನು ಪೆನ್ನು ತೆಗೆದುಕೊಂಡೆ. ವಾರಿಜ ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದು ನಳಿನಿಗೆ ಕೊಟ್ಟಳು.